ಪಡಸಾಲೆಯಲ್ಲಿ ಕುದುರೆ

ಅಂಗಡಿಗೆ ನಾನು ಅಕ್ಕೋರ ಜೊತೆ ಹೋಗಿದ್ದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಯಾದಗಿರಿಯ ಆ ಎಲೆಕ್ಟ್ರಾನಿಕ್ಸ್ ಅಂಗಡಿಯ ಗಾಜಿನ ಬಾಗಿಲು ನೆನಪಿದೆ. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕತ್ತಿನ ಹಿಂದೆ ತಾಗಿದ ತಂಪು ಗಾಳಿ ನೆನಪಿದೆ. ಕೌಂಟರಿನವನು ಅಕ್ಕೋರನ್ನು ಒಮ್ಮೆ ನೋಡಿ, "ಮೊಮ್ಮಗಗೇನ್ರಿ ಅಮ್ಮಾರ?" ಎಂದು ಕೇಳಿದ್ದು, ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು, "ನನಗ" ಎಂದದ್ದು, ಅವನು ನಗಬೇಕೋ ಬೇಡವೋ ತಿಳಿಯದೆ ಬಿಲ್ಲಿನ ಮೆಷಿನ್ನಿನ ಕಡೆ ತಿರುಗಿದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಈ ಕತೆಯನ್ನು ಅಕ್ಕೋರ ಬಾಯಿಂದ ಅದೆಷ್ಟು ಸಲ ಕೇಳಿದ್ದೇನೆಂದರೆ, ಕೇಳುತ್ತ ಕೇಳುತ್ತ ನಾನೇ ಒಳಗೆ ಹೋಗಿ ಒಂದು ಮೂಲೆಯಲ್ಲಿ ನಿಂತುಬಿಟ್ಟಿರಬಹುದು. ಕಲಬುರಗಿಯಲ್ಲಿ ಸಮಾಜಶಾಸ್ತ್ರದ ಎಂ.ಎ. ಓದುವಾಗ ನನ್ನ ತಲೆಯೊಳಗೆ ಗಟ್ಟಿಯಾಗಿ ಉಳಿದದ್ದು ಒಂದೇ ಪಾಠ: ಕಣ್ಣಾರೆ ಕಂಡೆ ಎನ್ನುವವನನ್ನು ಎರಡು ಸಲ ಕೇಳು. ಆ ಪಾಠವನ್ನು ನನ್ನ ಮೇಲೆಯೇ ಪ್ರಯೋಗಿಸುವ ಚಟ ಆಮೇಲೆ ಹತ್ತಿತು. ಅದರಿಂದ ನಿದ್ದೆ ಕೆಟ್ಟಿದೆಯೇ ಹೊರತು ಬೇರೆ ಲಾಭವಾಗಿಲ್ಲ.

ಇನ್ನೊಂದು ಅನುಮಾನ ಇದಕ್ಕಿಂತ ದೊಡ್ಡದು. ವೀಡಿಯೋ ಆಟ ಆಡಲು ಪಿಸಿ ತೆಗೆದುಕೊಳ್ಳಿ ಎಂದು ಅಕ್ಕೋರ ಜೊತೆ ವಾದಿಸಿದವನು ನಾನು ಎಂದು ನನ್ನ ನೆನಪು. ಟಿವಿಗೆ ಸಿಕ್ಕಿಸಿ ಆಡುವ ಕನ್ಸೋಲ್ ತೆಗೆದುಕೊಳ್ಳಿ ಎಂದು ಹೇಳಿಕೊಟ್ಟವನೇ ನಾನು ಎಂದು ಅವರ ಯಜಮಾನರ ನೆನಪು. ಇಬ್ಬರೂ ಆಣೆ ಮಾಡಲು ಸಿದ್ಧ. ಬಗೆಹರಿಸಬೇಕಾದವರು ಹೋದ ಬೇಸಿಗೆಯಲ್ಲಿ ತೀರಿಕೊಂಡರು.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಇವರು ಸುರಪುರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದರು. ನಾನು ಅದೇ ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದಾಗ, ಊರಿಗೆ ಅಂಟಿಕೊಂಡ ರಂಗಂಪೇಟೆಯ ಅವರ ಮನೆಯ ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಅಕ್ಕೋರು, ನೀರಾವರಿ ಇಲಾಖೆಯಿಂದ ನಿವೃತ್ತರಾದ ಅವರ ಯಜಮಾನರು, ಇಬ್ಬರೇ. ಯಜಮಾನರನ್ನು ಓಣಿಯವರೆಲ್ಲ ಸಾಹೇಬರು ಎನ್ನುತ್ತಿದ್ದರು. ನನಗೆ ಕೂತಲ್ಲಿ ಕೂರಲು ಆಗುವುದಿಲ್ಲ. ಪಾಠದ ತಯಾರಿಯನ್ನೂ ಓಡಾಡುತ್ತಲೇ ಮಾಡುತ್ತೇನೆ. ಅಕ್ಕೋರು ಕೆಳಗಿನಿಂದಲೇ ಕೂಗುತ್ತಿದ್ದರು: "ಸರ್ರ, ನಿಮ್ಮ ಕಾಲಾಗ ಚಕ್ರ ಅದ. ನಮ್ಮ ಮಾಳಿಗಿ ಸವದು ಹೋಗ್ತದ, ಜರಾ ಕುಂದರ್ರಿ."

ಅವರು ನನ್ನ ಲ್ಯಾಪ್‌ಟಾಪಿನ ಆಟ ನೋಡಿದ್ದು ಸಂಡಿಗೆ ಒಣಹಾಕಲು ಮೇಲೆ ಬಂದಾಗ. ಇದು ಖಂಡಿತ ನಡೆದದ್ದು. ಏಕೆಂದರೆ ಆ ದಿನ ಬಾಗಿಲಲ್ಲೇ ನಿಂತು ನೋಡುತ್ತಿದ್ದ ಅವರು ಸಂಡಿಗೆಯನ್ನು ಮರೆತರು. ಕಾಗೆಗಳು ಅರ್ಧ ಮುಗಿಸಿದ್ದವು. ಸಾಹೇಬರು ವಾರಗಟ್ಟಲೆ ಅದನ್ನು ಹೇಳಿ ಕಾಡಿದರು.

ಆಟ ಹೊಸದೇನಲ್ಲ. ಒಬ್ಬ ಸವಾರ, ಒಂದು ಕುದುರೆ, ಯುದ್ಧ ನಡೆಯುತ್ತಿರುವ ಒಂದು ದೊಡ್ಡ ಸೀಮೆ. ಕೊಟ್ಟ ಕೆಲಸ ಮಾಡಬಹುದು, ಕತ್ತಿ ಹಿಡಿದು ಹೊಡೆದಾಡಬಹುದು, ಎಲ್ಲ ಬಿಟ್ಟು ಸುಮ್ಮನೆ ತಿರುಗಲೂಬಹುದು. ಓಪನ್ ವರ್ಲ್ಡ್ ಎನ್ನುತ್ತಾರೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಕುದುರೆ ಎರಡು ಹೆಜ್ಜೆಗೊಮ್ಮೆ ತಡವರಿಸುತ್ತಿತ್ತು.

"ಇದ್ಯಾವ ಊರ್ರಿ?" ಎಂದರು ಅಕ್ಕೋರು.

"ಊರಲ್ರಿ ಅಕ್ಕೋರ, ಆಟ."

"ಆಟ ಖರೇ. ಆಟದಾಗಿನ ಊರು ಯಾವುದು?"

"ಸುಳ್ಳ ಊರು. ಆದ್ರ ಎಲ್ಲಿ ಬೇಕಾದ್ರೂ ಹೋಗಬಹುದು."

"ಎಲ್ಲಿ ಬೇಕಾದ್ರೂ?"

"ಹೌದ್ರಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮುಖ್ಯವಾದದ್ದೇನನ್ನಾದರೂ ಹೇಳುವ ಮುಂಚೆ ಹಾಗೆ ಮಾಡುವುದು ಅವರ ರೂಢಿ. "ಹಂಗಾರ ಇದರ ಹದ್ದು ಎಲ್ಲದ?"

ಹದ್ದು, ಅಂದರೆ ಗಡಿ. ಇರುತ್ತದೆ ಎಲ್ಲೋ, ನಾನು ಅಲ್ಲಿಯವರೆಗೆ ಹೋಗಿಲ್ಲ ಎಂದೆ. ಅವರಿಗೆ ನನ್ನ ಮೇಲಿದ್ದ ಗೌರವ ಆ ಕ್ಷಣದಲ್ಲಿ ಸ್ವಲ್ಪ ಕಡಿಮೆಯಾಯಿತು ಎಂದು ನನ್ನ ಊಹೆ. "ಇಷ್ಟ ದಿನ ಆಡಾಕತ್ತೀರಿ, ಹದ್ದು ನೋಡಿಲ್ಲಂದ್ರ ಏನ ಆಡಿದ್ರಿ ಮತ್ತ?"

ಹದ್ದಿನ ವಿಚಾರ ಅವರಿಗೆ ಹೊಸದಲ್ಲ ಎಂಬುದು ಆಮೇಲೆ ತಿಳಿಯಿತು. ಅವರ ತಂದೆ ನಾರಾಯಣಪುರದ ಡ್ಯಾಮಿನಲ್ಲಿ ಕೆಲಸಕ್ಕಿದ್ದರು. ಅಕ್ಕೋರು ಬೆಳೆದದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ. ಹುಡುಗಿಯರಿಗೆ ಕಾಲೊನಿಯ ಗೇಟಿನವರೆಗೆ ಮಾತ್ರ ಅಪ್ಪಣೆ. ಅಣ್ಣಂದಿರು ಸೈಕಲ್ ಹತ್ತಿ ಡ್ಯಾಮಿನ ಮೇಲೆ, ಹೊಳೆದಂಡೆಗೆ, ಎಲ್ಲೆಲ್ಲಿಗೋ ಹೋಗಿ ಬರುತ್ತಿದ್ದರು. ಅಕ್ಕೋರಿಗೆ ಸೈಕಲ್ ಕಲಿಸಲಿಲ್ಲ. ಮದುವೆಯಾದದ್ದು ಅದೇ ಕಾಲೊನಿಯಲ್ಲಿದ್ದ ಇಲಾಖೆಯ ಹುಡುಗನನ್ನು. "ಈ ಲೈನಿಂದ ಆ ಲೈನಿಗೆ ಲಗ್ನ ಮಾಡಿ ಕೊಟ್ರು ಸರ್ರ," ಎಂದು ನಗುತ್ತಿದ್ದರು. "ನನ್ನ ದಿಬ್ಬಣ ಹೊಂಟಿತು ಅನ್ನೂದರಾಗ ಮನಿ ಬಂದಿತ್ತು. ಬ್ಯಾಂಡಿನವರಿಗೆ ಒಂದ ಹಾಡೂ ಪೂರ್ತಿ ಬಾರ್ಸಾಕ ಆಗಲಿಲ್ಲ."

ಇದನ್ನು ಅವರು ದುಃಖದ ಕತೆಯಂತೆ ಹೇಳುತ್ತಿರಲಿಲ್ಲ. ಬ್ಯಾಂಡಿನವರ ಪಾಡನ್ನು ಅಭಿನಯಿಸಿ ತೋರಿಸುತ್ತಿದ್ದರು. ದುಃಖವನ್ನು ಒಳಗೆ ಸೇರಿಸಿಕೊಂಡವನು ನಾನೇ ಇರಬಹುದು.

ನಿವೃತ್ತಿಯ ದಿನ ಶಾಲೆಯಲ್ಲಿ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟರು. ಮನೆಗೆ ಬಂದವರೇ ಗಡಿಯಾರವನ್ನು ಸಾಹೇಬರ ಕೈಗಿಟ್ಟು, "ಟೈಮ್ ಮುಗೀತು ಅಂದ ಮ್ಯಾಲೆ ಗಡಿಯಾರ ಯಾಕ ಕೊಡ್ತಾರೋ," ಎಂದರು. ಆಮೇಲೆ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನು ಕೂಗಿದರು. "ಸರ್ರ, ಕುದುರಿ ಆಟ ತಗೋತೀನಿ. ಯಾವ ಮಷೀನ್ ತಗೋಬೇಕು ಹೇಳ್ರಿ."

ಇಲ್ಲಿಂದ ಮುಂದೆ ನನ್ನ ನೆನಪಿಗೂ ಸಾಹೇಬರ ನೆನಪಿಗೂ ದಾರಿ ಬೇರೆಯಾಗುತ್ತದೆ. ನನ್ನ ಪ್ರಕಾರ ನಾನು ಅಂದೇ ಕೆಳಗಿಳಿದು, ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡುತ್ತ, ಪಿಸಿಯ ಪರವಾಗಿ ದೊಡ್ಡ ಭಾಷಣ ಮಾಡಿದೆ. ಪಿಸಿಯಾದರೆ ಆಟ ಮಾತ್ರವಲ್ಲ, ಎಲ್ಲ ಕೆಲಸವೂ ಆಗುತ್ತದೆ. ಹಳತಾದರೆ ಒಂದೊಂದೇ ಭಾಗ ಬದಲಿಸಬಹುದು. ಆಟಗಳು ಸೋವಿಯಾಗಿ ಸಿಗುತ್ತವೆ. ಕರೆಂಟು ಹೋದರೆ ಯುಪಿಎಸ್ ಇರುತ್ತದೆ. ಕನ್ಸೋಲ್ ಎಂದರೆ ಮುಚ್ಚಿದ ಡಬ್ಬಿ. ಟಿವಿಗೆ ಸಿಕ್ಕಿಸಿದರೆ ಆಟ ಶುರು, ನಿಜ. ಆದರೆ ಕಂಪನಿಯವರು ಕೊಟ್ಟಷ್ಟೇ, ಇಟ್ಟಷ್ಟೇ. ಕೊನೆಗೆ ನನ್ನ ಬ್ರಹ್ಮಾಸ್ತ್ರ ಬಿಟ್ಟೆ. ಪಿಸಿಯಲ್ಲಿ ಮಾಡ್ ಹಾಕಬಹುದು, ಅಂದರೆ ಆಟವನ್ನೇ ತಿದ್ದಬಹುದು, ಹದ್ದನ್ನೇ ಕಿತ್ತು ಹಾಕಬಹುದು ಎಂದೆ.

ಅಕ್ಕೋರು ಯೋಚಿಸಿದರು. "ಕಿತ್ತ ಮ್ಯಾಲೆ ಆಚಿ ಕಡಿ ಏನಿರ್ತದ?"

"ಏನೂ ಇರಂಗಿಲ್ರಿ. ಬರೇ ಬಯಲು. ಕೆಲವು ಕಡಿ ನೆಲಾನೂ ಇರಂಗಿಲ್ಲ, ಕುದುರಿ ಕೆಳಗ ಬೀಳ್ತದ."

"ಅದು ಹದ್ದು ದಾಟಿದಂಗ ಆಗಲಿಲ್ಲ. ಗ್ವಾಡಿ ಕೆಡವಿದಂಗ ಆತು. ಅವರು ಎಲ್ಲಿ ಮಟ ಮಾಡ್ಯಾರೋ ಅಲ್ಲಿ ಮಟ ನೋಡಬೇಕು ನನಗ."

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನು ಪಿಸಿ, ಕನ್ಸೋಲ್ ಎರಡನ್ನೂ ಹೋಲಿಸುವ ಯಾವ ವೀಡಿಯೋದಲ್ಲೂ ನಾನು ಕೇಳಿರಲಿಲ್ಲ. ಎಷ್ಟು ಫ್ರೇಮು, ಎಷ್ಟು ಮೆಮೊರಿ ಎಂದು ಅವರು ಕೇಳಲಿಲ್ಲ. "ಇವೆರಡೂ ಮನ್ಯಾಗ ಎಲ್ಲಿ ಕೂಡ್ತಾವು?" ಎಂದರು.

ಪಿಸಿ ಒಳಗಿನ ಖೋಲಿಯಲ್ಲಿ, ಮೇಜಿನ ಮೇಲೆ, ಬಾಗಿಲು ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಕನ್ಸೋಲ್ ಆದರೆ ಟಿವಿ ಇರುವಲ್ಲೇ ಇರಬೇಕು, ಅಂದರೆ ಪಡಸಾಲೆಯಲ್ಲಿ. ಆ ವಯಸ್ಸಿನ, ಆ ಊರಿನ, ಶಾಲೆಯ ಅಕ್ಕೋರೊಬ್ಬರು ಬಾಗಿಲು ಹಾಕಿಕೊಂಡೇ ಆಡಲು ಬಯಸುತ್ತಾರೆ ಎಂದು ನಾನು ನಂಬಿದ್ದೆ. ನನ್ನ ಭಾಷಣವೆಲ್ಲ ಆ ನಂಬಿಕೆಯ ಮೇಲೆಯೇ ನಿಂತಿತ್ತು.

ಸಾಹೇಬರು ಪೇಪರಿನಿಂದ ತಲೆ ಎತ್ತಿದರು. ಅವರು ಮಧ್ಯಾಹ್ನ ಊಟವಾದ ಮೇಲೆ ಸುದ್ದಿ ಚಾನೆಲ್ ಹಚ್ಚಿಕೊಂಡು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ರಿಮೋಟು ಅವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. "ಪಡಸಾಲ್ಯಾಗ ಆಟ? ನಾಕ ಮಂದಿ ಬಂದು ಹೋಗೋ ಜಾಗ ಅದ."

"ಹೌದು," ಎಂದರು ಅಕ್ಕೋರು. "ನಾಕ ಮಂದಿ ಬಂದು ಹೋಗೋ ಜಾಗದಾಗ ಐದನೇದಾಕಿ ನಾನೂ ಕೂಡ್ತೀನಿ."

"ಪೇಪರ್ ತಿದ್ದಾಕ ಒಳಗಿನ ಖೋಲಿ ನಡೀತಿತ್ತು ನಿನಗ."

"ನಡೀತಿತ್ತು. ಪೇಪರ್ ತಿದ್ದಿದೆ, ನೋಟ್ಸ್ ಬರದೆ, ಬಿ.ಎಡ್. ಓದಿದೆ, ತಲಿ ನೋವಾದ್ರ ಮಲಗಿದೆ. ಎಲ್ಲಾ ಒಳಗಿನ ಖೋಲ್ಯಾಗ. ಒಳಗಿನ ಖೋಲಿ ಸಾಕಾಗ್ಯಾದ್ರೀ ನನಗ." ಇದನ್ನು ಅವರು ಜೋರಾಗಿ ಹೇಳಲಿಲ್ಲ. ಸಾಹೇಬರು ಪೇಪರ್ ಮಡಚಿದ್ದು ಮಾತ್ರ ಜೋರಾಗಿ ಕೇಳಿಸಿತು.

ಆಗ ನಾನು ಏನಂದೆ? ನನಗೆ ಏನೂ ಅಂದ ನೆನಪಿಲ್ಲ. ಸಾಹೇಬರ ಪ್ರಕಾರ ನಾನು ಓಡಾಟ ನಿಲ್ಲಿಸಿ, "ಹಂಗಾದ್ರ ಡಬ್ಬಿನೇ ತಗೋರಿ ಅಕ್ಕೋರ," ಎಂದೆನಂತೆ. ಅಂದಿದ್ದರೆ ಒಳ್ಳೆಯದೇ. ಆದರೆ ನಾನು ಅಷ್ಟು ಬೇಗ ಸೋಲೊಪ್ಪುವವನಲ್ಲ.

ಬಸ್ಸಿನ ಕತೆಯೂ ಇಂಥದ್ದೇ. ಯಾದಗಿರಿಯಿಂದ ತಿರುಗಿ ಬರುವಾಗ ಅಕ್ಕೋರು ಕನ್ಸೋಲಿನ ಪೆಟ್ಟಿಗೆಯನ್ನು ತೊಡೆಯಿಂದ ಇಳಿಸಲಿಲ್ಲ. ದೋರನಹಳ್ಳಿ ಹತ್ತಿರ ಕಂಡಕ್ಟರ್ ಬಂದು, "ಇದರಾಗ ಏನದ್ರಿ ಅಮ್ಮಾರ?" ಎಂದ. "ಕುದುರಿ ಅದ." "ಕುದುರಿಗೆ ಫುಲ್ ಟಿಕೀಟ್ ಆಗ್ತದ ನೋಡ್ರಿ." "ತೊಡಿ ಮ್ಯಾಲ ಕುಂತ ಮಕ್ಕಳಿಗೆ ಟಿಕೀಟ್ ಇಲ್ಲಲ್ಲ?" ಇಡೀ ಬಸ್ಸು ನಕ್ಕಿತು ಎಂದು ಅಕ್ಕೋರು ಹೇಳುತ್ತಿದ್ದರು. ಆ ನಗೆ ನನ್ನ ಕಿವಿಯಲ್ಲೂ ಇದೆ. ಯಾರು ತಂದು ಇಟ್ಟದ್ದೋ ಗೊತ್ತಿಲ್ಲ.

ಪಡಸಾಲೆಯಲ್ಲಿ ಕುದುರೆ ಬಂದು ನಿಂತಿತು. ಸಾಹೇಬರು ಒಂದೇ ಶರತ್ತು ಹಾಕಿದರು: ಬಂದವರ ಕಣ್ಣಿಗೆ ಡಬ್ಬಿ ಬೀಳಬಾರದು, ಮೇಲೊಂದು ಮುಸುಕು ಇರಲಿ. ಅಕ್ಕೋರು ಹಿಂದೊಮ್ಮೆ ಉಲ್ಲನ್ನಿನಲ್ಲಿ ಹೆಣೆದಿದ್ದ ಕೆಂಪು ಕವರೊಂದಿತ್ತು. ನಡುವೆ ನವಿಲು. ಹಳೆಯ ಟಿವಿಗೆ ಹಾಕುತ್ತಿದ್ದದ್ದು. ಅದನ್ನೇ ಎರಡು ಮಡಿಕೆ ಮಾಡಿ ಕನ್ಸೋಲಿಗೆ ಹೊದಿಸಿದರು. ದೀಪ, ವೈರು ಒಂದೂ ಕಾಣುತ್ತಿರಲಿಲ್ಲ. ನವಿಲೊಂದು ಟಿವಿಯ ಕೆಳಗೆ ಮಲಗಿದಂತಿತ್ತು.

ಆಡುವ ಹಿಡಿಕೆಯನ್ನು ಅವರು ಹಿಡಿಯುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ, ಇದರಲ್ಲಿ ಅನುಮಾನವಿಲ್ಲ. ಎಲ್ಲರೂ ಹೆಬ್ಬೆಟ್ಟಿನಿಂದ ತಳ್ಳುವ ಕಡ್ಡಿಯನ್ನು ಅವರು ಸೀಮೆಸುಣ್ಣ ಹಿಡಿದಂತೆ ಮೂರು ಬೆರಳಲ್ಲಿ ಚಿಮಟಿ ಹಿಡಿಯುತ್ತಿದ್ದರು. ಹಾಗಾಗಿ ಕುದುರೆ ಓಡುತ್ತಿರಲಿಲ್ಲ. ಬೋರ್ಡಿನ ಮೇಲೆ ಅಕ್ಷರ ಬರೆದಂತೆ ನಿಧಾನವಾಗಿ, ಅಂಕುಡೊಂಕಾಗಿ ನಡೆಯುತ್ತಿತ್ತು.

ಆಟದ ಆರಂಭದಲ್ಲಿ ಒಂದು ಕಲ್ಲಿನ ಸೇತುವೆ ಬರುತ್ತದೆ. ಅದರ ಮೇಲೆ ಒಬ್ಬ ಮುದುಕ ಕೂತಿರುತ್ತಾನೆ. ಅವನ ಹತ್ತಿರ ಹೋದರೆ ಮೊದಲ ಕೆಲಸ ಹೇಳುತ್ತಾನೆ, ಅಲ್ಲಿಂದ ಕತೆ ಶುರುವಾಗುತ್ತದೆ. ಅಕ್ಕೋರು ಅವನ ಪಕ್ಕದಲ್ಲೇ ಹಾದು ಹೋದರು. ನಿಲ್ಲಲಿಲ್ಲ.

"ಅಕ್ಕೋರ, ಆ ಮುದುಕ ನಿಮ್ಮನ್ನ ಕಾಯಾಕತ್ತಾನ."

"ಕುಂದರ್ಲಿ ಬಿಡ್ರಿ. ನಾನೂ ಭಾಳ ದಿನ ಕುಂತಿದ್ದೆ."

ಆಮೇಲೆ ಅದು ಮನೆಯ ಮಾತೇ ಆಗಿಹೋಯಿತು. ಯಾರಾದರೂ ಕೆಲಸ ಹೇಳಲು ಬಂದರೆ, ಮದುವೆಗೆ ಕರೆಯಲು ಬಂದು ಇನ್ನಷ್ಟು ಹೊತ್ತು ಕೂತರೆ, ಅಕ್ಕೋರು ನನ್ನತ್ತ ನೋಡಿ, "ಸೇತುವಿ ಮ್ಯಾಲಿನವ ಬಂದಾನ," ಎನ್ನುತ್ತಿದ್ದರು.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯಾಕೆ ಮೊದಲ ದಿನ ಬಾಗಿಲಲ್ಲೇ ನಿಂತು ಮೂಗಿನ ಮೇಲೆ ಬೆರಳಿಟ್ಟಳು. ಮೂರನೆಯ ದಿನ ಒಳಗೆ ಬಂದು ಕೂತಳು. ಮುಂದಿನ ವಾರ ಬಟ್ಟಲು ಕೈಯಲ್ಲೇ ಹಿಡಿದುಕೊಂಡು, "ಅಯ್ಯ ಅಕ್ಕೋರ, ಕುದುರಿಗೆ ನೀರ ಕುಡಸ್ರಿ, ಪಾಪ, ಆಗಿಂದ ನಡೀಲಿಕತ್ತದ," ಎನ್ನತೊಡಗಿದಳು. ಸಾಹೇಬರ ಸುದ್ದಿ ಚಾನೆಲ್ ಮುಂಜಾನೆಗೆ ಸರಿಯಿತು. ಮಧ್ಯಾಹ್ನ ಅವರು ತಮ್ಮ ಕುರ್ಚಿಯಲ್ಲೇ ಕೂತು, ಟಿವಿಗೆ ಅರ್ಧ ಬೆನ್ನು ಮಾಡಿ, ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದರು. ಹೊಳೆ ಬಂದಾಗ ಮಾತ್ರ ತಡೆದುಕೊಳ್ಳಲು ಆಗುತ್ತಿರಲಿಲ್ಲ.

"ತಿರುವಿನ್ಯಾಗ ನೀರು ಹಿಂಗ ಹರಿಯಂಗಿಲ್ಲ. ಇದನ್ನ ಮಾಡಿದಾವ ಹೊಳಿ ನೋಡಿಲ್ಲ."

"ನೋಡಿರ್ತಾನ ಬಿಡ್ರಿ, ಅವರ ಊರಿನ ಹೊಳಿ."

"ಯಾವ ಊರಿನ ಹೊಳಿ ಆದ್ರೂ ನೀರು ನೀರ!"

ಬೇಸಿಗೆ ಬಂತು. ಒಂದು ದಿನ ಅಕ್ಕೋರು ನನ್ನನ್ನು ಅವಸರದಿಂದ ಕೆಳಗೆ ಕರೆದರು. ಅವರ ಮುಖದಲ್ಲಿ ಗೆಲುವಿತ್ತು. "ಸರ್ರ, ಹದ್ದು ಸಿಕ್ತು."

ಆಟದ ನಕಾಶೆಯ ಉತ್ತರಕ್ಕೆ ಹುಲ್ಲಿಲ್ಲದ, ಬೆಳ್ಳಗೆ ಉಪ್ಪು ಮೇಲೆದ್ದ ಸವಳು ನೆಲವಿದೆ. ಅದರೊಳಗೆ ಸ್ವಲ್ಪ ದೂರ ಹೋದರೆ ಸೆಕೆ ಹೆಚ್ಚಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಬರುತ್ತದಂತೆ, ಆಮೇಲೆ ಎಲ್ಲ ಕತ್ತಲಾಗುತ್ತದಂತೆ. "ಲೋಕ ಮುಗೀತು ಅಂತ ಅರ್ಥ," ಎಂದರು. ಸುಮ್ಮನೆ ಬಿಟ್ಟವರಲ್ಲ. ಸವಾರನ ಕೋಟು ಬಿಚ್ಚಿಸಿ ನೋಡಿದ್ದರು. ಹಿಂದಕ್ಕೆ ಕರೆದೊಯ್ದು ಹೊಳೆಯಲ್ಲಿ ಮೀಯಿಸಿ ನೋಡಿದ್ದರು. ನೆರಳಿದ್ದಲ್ಲೆಲ್ಲ ನಿಲ್ಲಿಸಿ ಕರೆದೊಯ್ದಿದ್ದರು. ಏನು ಮಾಡಿದರೂ ಅಲ್ಲಿಯೇ ಕತ್ತಲು.

"ನೀರು ಹೆಚ್ಚಿಗಿ ಬಿಟ್ರ ನೆಲ ಹಿಂಗ ಸವಳ ಆಗ್ತದ," ಎಂದು ಸಾಹೇಬರು ಆಚೆಯಿಂದ ಸೇರಿಸಿದರು.

ನಾನು ಟಿವಿಯ ಕೆಳಗೆ ಕೈಹಾಕಿದೆ. ನವಿಲು ಕಾದ ಹೆಂಚಿನಂತಿತ್ತು. ಬಿಸಿ ಏರಿದ್ದು ಸವಾರನಿಗಲ್ಲ, ಉಲ್ಲನ್ ಹೊದ್ದು ಮಲಗಿದ್ದ ಡಬ್ಬಿಗೆ. ನಮ್ಮ ಸೀಮೆಯ ಬೇಸಿಗೆಯಲ್ಲಿ ಮನುಷ್ಯರೇ ಅಂಗಿ ಬಿಚ್ಚಿ ಕೂರುತ್ತಾರೆ. ಅವರು ಸವಳು ನೆಲದವರೆಗೆ ತಲುಪುವಷ್ಟರಲ್ಲಿ ಮಷೀನು ಬೆಂದು ತಾನೇ ಆರಿಹೋಗುತ್ತಿತ್ತು. ಕವರು ತೆಗೆದೆ. ಅದು ಅಂಗೈ ಮೇಲೆ ಬಿಸಿ ರೊಟ್ಟಿಯಂತೆ ಕೂತಿತು.

ಅಕ್ಕೋರು ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. "ಅಷ್ಟ ಏನು?" ಎಂದರು. ಆಮೇಲೆ ಸಾಹೇಬರತ್ತ ತಿರುಗಿ, "ಕೇಳಿದ್ರಿಲ್ಲ? ಮುಸುಕು ಹೊದಿಸಿದ್ದಕ್ಕ ಕತ್ತಲಾಗಿತ್ತು," ಎಂದರು.

ಸಾಹೇಬರು ಎದ್ದು ಬಂದು ನನ್ನ ಕೈಯಿಂದ ಕವರು ತೆಗೆದುಕೊಂಡು, ಕೊಡವಿ, ಮಡಚಿ, ಅಲಮಾರಿಯಲ್ಲಿಟ್ಟರು. ಅದು ಮತ್ತೆ ಹೊರಗೆ ಬರಲಿಲ್ಲ.

ಆ ವರ್ಷವೇ ನನಗೆ ಶಹಾಪುರದಲ್ಲಿ ಬೇರೆ ಕೆಲಸ ಸಿಕ್ಕಿತು. ನಾನು ಕೋಣೆ ಖಾಲಿ ಮಾಡಿದೆ. ಅಕ್ಕೋರು ವಾರಕ್ಕೊಮ್ಮೆಯಾದರೂ ಫೋನ್ ಮಾಡುತ್ತಿದ್ದರು. ಆರೋಗ್ಯದ ವಿಷಯ ಕೇಳಿದರೆ ಕುದುರೆಯದನ್ನು ಹೇಳುತ್ತಿದ್ದರು. ಒಂದು ಮಧ್ಯಾಹ್ನ, "ಸರ್ರ, ಈಗ ಖರೇನ ಹದ್ದಿಗೆ ಹೋಗಿ ಬಂದೆ," ಎಂದರು.

"ಏನದ ಅಲ್ಲಿ?"

"ಒಂದು ಗುಡಿಸಲ ಅದ. ಒಳಗ ಒಲಿ ಉರೀತದ, ಒಲಿ ಮ್ಯಾಲ ಗಡಿಗಿ. ಯಾರೂ ಇಲ್ಲ. ಯಾರೂ ಕೆಲಸ ಹೇಳಂಗಿಲ್ಲ. ಒಲಿ ಮುಂದ ಕುಂದ್ರಾಕ ಬರ್ತದ, ಅಷ್ಟ. ಕುಂತು ಬಂದೆ."

ಇಲ್ಲಿ ನನ್ನ ಚಟ ಕೆರಳಿತು. ಅಷ್ಟರಲ್ಲಿ ನಾನು ಒಂದು ಒಳ್ಳೆಯ ಪಿಸಿ ಕೊಂಡಿದ್ದೆ, ಅದೇ ಆಟ ಅದರಲ್ಲಿತ್ತು. ಅಂತರ್ಜಾಲದಲ್ಲಿ ಹುಡುಕಿದೆ. ಉತ್ತರದ ಸವಳು ನೆಲದಲ್ಲಿ ನೋಡುವಂಥದ್ದೇನೂ ಇಲ್ಲ ಎಂದು ಆಡಿದವರೆಲ್ಲ ಬರೆದಿದ್ದರು. ಆದರೂ ಪರೀಕ್ಷಿಸಿದೆ. ಕುದುರೆಯನ್ನು ನಾಗಾಲೋಟದಲ್ಲಿ ಓಡಿಸಿಕೊಂಡು ಹೋದೆ. ಬಿಳಿಯ ನೆಲದೊಳಗೆ ಸ್ವಲ್ಪ ದೂರ ಹೋಗುತ್ತಲೇ ಅದು ಮುಂಗಾಲೆತ್ತಿ ಕೆನೆಯಿತು, ತಾನೇ ಹಿಂದಕ್ಕೆ ತಿರುಗಿತು. ಮುಂದೆ ದಾರಿಯಿಲ್ಲ ಎಂಬ ಅಕ್ಷರ ಮೂಡಿತು. ಬೇರೆ ಬೇರೆ ಕಡೆಯಿಂದ ಓಡಿಸಿದೆ. ಎಲ್ಲಿಯೂ ಗುಡಿಸಲಿಲ್ಲ.

"ಅಲ್ಲಿ ಏನೂ ಇಲ್ರಿ ಅಕ್ಕೋರ. ನಾ ಹೋಗಿ ನೋಡಿ ಬಂದೆ. ನಿಮ್ಮ ಡಬ್ಬಿಗೂ ನನ್ನ ಪಿಸಿಗೂ ಸೀಮಿ ಒಂದ. ಬ್ಯಾರೆ ಎಲ್ಲೋ ನೋಡಿದ್ದನ್ನ ಇಲ್ಲಿ ನೆನಸಾಕತ್ತೀರಿ."

ಅವರು ಸಿಟ್ಟಾಗಲಿಲ್ಲ. "ಹೆಂಗ ಹೋದ್ರಿ?"

"ಓಡಿಸ್ಕೊಂಡು ಹೋದೆ."

"ಹ್ಞಾಂ," ಎಂದು ನಕ್ಕರು. ಆ ನಗೆ ನನಗೆ ಗೊತ್ತು. ಹುಡುಗ ಉತ್ತರದ ಹತ್ತಿರ ಬಂದು ತಪ್ಪು ಹೇಳಿದಾಗ ಶಿಕ್ಷಕರು ನಗುವ ನಗೆ.

"ಏನದ ಹೇಳ್ರಿ."

"ಹೇಳಂಗಿಲ್ಲ. ಮಾಸ್ತರಕಿ ಮಾಡಿದಾಕಿ ನಾನು, ಉತ್ತರ ಹೇಳಿಕೊಡೋದು ನಮ್ಮ ರೂಢಿ ಅಲ್ಲ. ನೀವಽ ಹುಡುಕ್ರಿ. ಜರಾ ಸಾವಕಾಶ ಹುಡುಕ್ರಿ, ಅಷ್ಟ."

ನಾನು ಹುಡುಕಲಿಲ್ಲ. ನನಗೆ ಉತ್ತರ ಸಿಕ್ಕಿತ್ತು: ನೆನಪು ಹೀಗೇ ಮೋಸ ಮಾಡುತ್ತದೆ, ಬೇಕಾದದ್ದನ್ನು ಬೇಕಾದಲ್ಲಿ ತಂದು ಇಡುತ್ತದೆ. ಮುಂದಿನ ಫೋನುಗಳಲ್ಲಿ ಅವರು, "ಸಿಕ್ತೇನ್ರಿ?" ಎಂದು ಕೇಳುತ್ತಿದ್ದರು. ನಾನು, "ಇಲ್ರಿ, ಇದ್ದರ ಅಲ್ಲ ಸಿಗೋದು?" ಎನ್ನುತ್ತಿದ್ದೆ. ನಮ್ಮ ಕೊನೆಯ ಮಾತೂ ಇದೇ ಇರಬೇಕು. ಅಥವಾ ಅದರ ನಂತರ ಒಂದು ಸಲ ಹಬ್ಬಕ್ಕೆ ಮಾತಾಡಿದ್ದೆವೇನೋ. ಅವರ ಕಿಡ್ನಿಯ ತೊಂದರೆ ಅಷ್ಟು ಮುಂದುವರಿದಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರು ಹೇಳಿರಲಿಲ್ಲ.

ಸುದ್ದಿ ಕೇಳಿ ರಂಗಂಪೇಟೆಗೆ ಹೋದಾಗ ಎಲ್ಲ ಮುಗಿದಿತ್ತು. ದಿನಕರ್ಮಗಳೆಲ್ಲ ಕಳೆದ ಮೇಲೆ ಇನ್ನೊಮ್ಮೆ ಹೋದೆ. ಪಡಸಾಲೆಯಲ್ಲಿ ಸಾಹೇಬರು ಒಬ್ಬರೇ ಕೂತಿದ್ದರು. ಟಿವಿ ಆರಿತ್ತು. ಅದರ ಕೆಳಗೆ ಡಬ್ಬಿ ಬರಿಮೈಯಲ್ಲಿತ್ತು, ಧೂಳಿರಲಿಲ್ಲ. ಅದರ ಮೇಲಿನ ಗೋಡೆಯಲ್ಲಿ ನಿವೃತ್ತಿಯ ದಿನ ಕೊಟ್ಟ ಗಡಿಯಾರ.

"ಸುದ್ದಿ ನೋಡಂಗಿಲ್ಲೇನ್ರಿ ಸಾಹೇಬ್ರ?"

"ಬ್ಯಾಸರ ಬಂದದ. ಮಧ್ಯಾಹ್ನ ಆತಂದ್ರ ಕೈ ತಾನ ರಿಮೋಟ್ ಬಿಡ್ತದ ನೋಡ್ರಿ." ಆಮೇಲೆ ತಟ್ಟನೆ, "ನೀವು ಅಂದಿದ್ದಕ್ಕ ಡಬ್ಬಿ ಬಂತು ಸರ್ರ. ಇಲ್ಲಂದ್ರ ಅಕಿ ಒಳಗಿನ ಖೋಲ್ಯಾಗ ಇರ್ತಿದ್ಳು, ನಾ ಇಲ್ಲಿ ಇರ್ತಿದ್ದೆ. ಕಡೀ ಎರಡು ವರ್ಷ ಒಂದ ಕಡಿ ಕುಂತಿವಿ," ಎಂದರು.

ನಾನು ಹಾಗೆ ಅಂದಿರಲಿಲ್ಲ ಎಂದು ಹೇಳಬೇಕೆನಿಸಿತು. ಆದರೆ ಈಗ ಅದನ್ನು ತಿದ್ದಿ ಯಾರಿಗೇನು ಆಗಬೇಕಿತ್ತು? ಚಹಾ ಬಂತು, ಪಕ್ಕದ ಮನೆಯಾಕೆಯೇ ತಂದುಕೊಟ್ಟಳು. ಸುಮ್ಮನೆ ಕೂರಲಾಗದೆ, ಏನಾದರೂ ಮಾತು ಬೇಕೆಂದು, ಗುಡಿಸಲಿನ ವಿಷಯ ತೆಗೆದೆ. "ಅಕ್ಕೋರಿಗೆ ಹದ್ದಿನ್ಯಾಗ ಒಂದು ಗುಡಿಸಲ ಕಂಡಿತ್ತಂತ. ಹಂಗೊಂದು ಇಲ್ರಿ ಅಲ್ಲಿ. ಪಾಪ, ಬ್ಯಾರೆ ಎಲ್ಲೀದೋ ನೆನಪು..."

"ಅದ," ಎಂದರು ಸಾಹೇಬರು.

"ನೀವು ನೋಡೀರೇನು?"

"ಬಾಜೂಕ ಕುಂತಾವ ನಾನಽ ಅಲ್ಲ? ಕುದುರಿ ಹೋಗಂಗಿಲ್ಲ ಅಲ್ಲಿ, ಹೆದರ್ತದ. ಅಕಿ ಇಳದು, ಕುದುರಿ ಅಲ್ಲೇ ಬಿಟ್ಟು, ನಡಕೊಂಡು ಹೋಗ್ತಿದ್ಳು. ಭಾಳ ದೂರ. ನನಗ ನೋಡಿ ನೋಡಿ ನಿದ್ದಿ ಬರ್ತಿತ್ತು. ಕಣ್ಣ ತೆರದ್ರ ಒಲಿ ಮುಂದ ಕುಂತಿರ್ತಿದ್ಳು."

ಸಾಹೇಬರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ನನ್ನ ಬಾಯಲ್ಲಿ ನಾನು ಆಡದ ಮಾತನ್ನು ಇಟ್ಟವರು ಅವರೇ. ಅರೆನಿದ್ದೆಯಲ್ಲಿ ನೋಡಿದವರೂ ಅವರೇ. ಹೆಂಡತಿ ಹೇಳಿದ್ದನ್ನು ಕೇಳಿ ಕೇಳಿ ಕಂಡಂತೆ ಆಗಿರಬಹುದು, ನನಗೆ ಯಾದಗಿರಿಯ ಅಂಗಡಿ ಆದಂತೆ. ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಈ ವಾದವನ್ನೆಲ್ಲ ನನ್ನೊಳಗೇ ಮಾಡಿಕೊಂಡೆ. ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಪಿಸಿ ಹಚ್ಚಿದೆ.

ಸವಳು ನೆಲದಲ್ಲಿ ಅದೇ ಜಾಗಕ್ಕೆ ಬಂದು ಕುದುರೆ ಎಂದಿನಂತೆ ಕೆನೆಯಿತು. ಇಳಿದೆ. ಮೊದಲು ಓಡಿದೆ. ಸವಾರ ಏದುಸಿರು ಬಿಟ್ಟು ನಿಂತ, ಮುಂದೆ ದಾರಿಯಿಲ್ಲ ಎಂಬ ಅದೇ ಅಕ್ಷರ ಮೂಡಿತು. ಆಗ ಓಡಿಸುವ ಕೀಲಿಯಿಂದ ಬೆರಳು ತೆಗೆದು, ಅವನು ಎಷ್ಟು ನಿಧಾನ ನಡೆಯಬಲ್ಲನೋ ಅಷ್ಟು ನಿಧಾನವಾಗಿ ನಡೆಸಿದೆ. ನನ್ನ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ಬಿಳಿಯ ನೆಲ, ಬಿಳಿಯ ಆಕಾಶ, ಬೇರೇನೂ ಇಲ್ಲ. ಎರಡು ಸಲ ಬಿಟ್ಟು ಏಳಬೇಕೆನಿಸಿತು. ಅಕ್ಷರ ಮತ್ತೆ ಮೂಡಲಿಲ್ಲ.

ಅಂಗಡಿಗೆ ನಾನು ಹೋಗಿದ್ದೆನೋ ಇಲ್ಲವೋ ಗೊತ್ತಿಲ್ಲ. ಡಬ್ಬಿ ತಗೊಳ್ಳಿ ಎಂದವರು ಯಾರೋ ಗೊತ್ತಿಲ್ಲ. ಇಡೀ ಬಸ್ಸು ನಕ್ಕಿತ್ತೋ, ಕಂಡಕ್ಟರ್ ಒಬ್ಬನೇ ನಕ್ಕಿದ್ದನೋ, ಅದೂ ಗೊತ್ತಿಲ್ಲ. ಇದೊಂದನ್ನು ನಾನೇ ಹೋಗಿ ನೋಡಿದ್ದೇನೆ. ಗುಡಿಸಲಿದೆ. ಒಳಗೆ ಯಾರೂ ಇಲ್ಲ. ಒಲೆ ಉರಿಯುತ್ತದೆ, ಮೇಲೆ ಗಡಿಗೆ ಇದೆ, ಮುಂದೆ ಕೂರಲು ಬರುತ್ತದೆ. ಪಿಸಿಯಲ್ಲೂ.